ಊರಿನ ಮರ ಮತ್ತು ನೆರೆಮನೆಯ ಮಾಡು
(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಭೆಗಳಲ್ಲಿ ಪಗಾರ, ರಜೆ, ಬೋನಸ್ಸು, ಮಲಗುವ ಜಾಗ ಇವುಗಳ ಮಾತು ಬರುವುದು ವಾಡಿಕೆ. ಇಂದು ನಾವು ಮರದ ಮಾತನ್ನು ಎತ್ತಿಕೊಂಡಿದ್ದೇವೆ. ಮರಕ್ಕೂ ಕೆಲಸಗಾರರ ಸಂಘಕ್ಕೂ ಏನು ಸಂಬಂಧವೆಂದು ಕೆಲವರು ಕೇಳಿದರು. ಸಂಬಂಧವಿದೆ. ಮಾಲಿಕರಲ್ಲಿ ಮುಂಗಡ ಬೇಡುವವರನ್ನು, ತಟ್ಟನೆ ರಜೆ ಬೇಕೆನ್ನುವವರನ್ನು ಕಾರಣ ಕೇಳಿ ನೋಡಿ. ಮದುವೆ, ಕಾಯಿಲೆ ಬಿಟ್ಟರೆ ಮುಂದಿನ ಉತ್ತರ “ಊರಲ್ಲಿ ಜಾಗದ ತಕರಾರು” ಎಂಬುದೇ. ಆ ತಕರಾರನ್ನು ಬಗೆದು ನೋಡಿದರೆ ಎಷ್ಟೋ ಸಲ ಅದರ ನಡುವೆ ಒಂದು ತೆಂಗಿನ ಮರವೋ ಹಲಸಿನ ಮರವೋ ನಿಂತಿರುತ್ತದೆ.

ಇದು ಏಕೆ ಹೀಗಾಯಿತು? ಕುಂದಾಪುರ, ಉಡುಪಿ, ಕಾರ್ಕಳ, ಕುಮಟೆಯ ಕಡೆಯಿಂದ ಬಂದ ನಮ್ಮ ಮನೆಗಳು ದೊಡ್ಡ ಜಮೀನಿನವಲ್ಲ. ಅಜ್ಜನ ಕಾಲದ ಒಂದು ಹಿತ್ತಿಲು ಪಾಲಾಗಿ ಮೂರು ಮನೆಯಾಗಿದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯಿಂದ ನಮ್ಮ ಹಿರಿಯರಲ್ಲಿ ಎಷ್ಟೋ ಗೇಣಿದಾರರು ಭೂಮಿಯ ಒಡೆಯರಾದರು. ಅದು ದೊಡ್ಡ ಸಂಗತಿ. ಆದರೆ ಕಾಗದದಲ್ಲಿ ಗೆರೆ ಬಿದ್ದಷ್ಟು ಸ್ಪಷ್ಟವಾಗಿ ನೆಲದ ಮೇಲೆ ಗಡಿಕಲ್ಲು ಬೀಳಲಿಲ್ಲ. ‘ಆ ಮಾವಿನ ಮರದಿಂದ ಈ ಹಲಸಿನ ಮರದ ತನಕ’ ಎಂಬ ಬಾಯಿಮಾತೇ ಬಹಳ ಕಡೆ ಗಡಿಯಾಗಿ ಉಳಿಯಿತು.

ಇನ್ನೊಂದು ಕಾರಣ ನಾವು ಊರಲ್ಲಿ ಇಲ್ಲದಿರುವುದು. ಗದ್ದೆ ಮಾಡಲು ಜನವಿಲ್ಲ. ಆದ್ದರಿಂದ ಹೆಚ್ಚು ಆರೈಕೆ ಕೇಳದ ತೇಗ, ಅಕೇಶಿಯಾ ನೆಡುತ್ತಾರೆ. ಅದನ್ನೂ ಗಡಿಗೆ ಒತ್ತಿ ನೆಡುತ್ತಾರೆ, ‘ಇಲ್ಲಿಯವರೆಗೆ ನಮ್ಮದು’ ಎಂದು ತೋರಿಸುವುದಕ್ಕೆ. ನಾವಿಲ್ಲದಾಗ ಮರವೇ ಕಾವಲುಗಾರ. ಆದರೆ ಈ ಕಾವಲುಗಾರ ವರ್ಷ ವರ್ಷವೂ ಬೆಳೆಯುತ್ತಾನೆ, ಅವನಿಗೆ ಗಡಿ ತಿಳಿಯದು. ತೇಗದ ನೆರಳು ಪಕ್ಕದ ಗದ್ದೆಯ ಮೇಲೆ ಬಿದ್ದರೆ ಅಲ್ಲಿ ಪೈರು ಏಳುವುದಿಲ್ಲ. ಅದರ ಎಲೆ ಬಾವಿಗೆ ಬಿದ್ದು ಕೊಳೆಯುತ್ತದೆ. ತೆಂಗಿನಕಾಯಿ ಬಿದ್ದರೆ ಹಂಚು ಒಡೆಯುತ್ತದೆ. ಜೂನ್ ತಿಂಗಳ ಗಾಳಿಮಳೆಯ ರಾತ್ರಿ, ಬಾಗಿದ ಮರದ ಕೆಳಗೆ ಮಕ್ಕಳನ್ನು ಮಲಗಿಸಿಕೊಂಡ ತಾಯಿಗೆ ನಿದ್ರೆ ಬರುತ್ತದೆಯೇ?

ಹಾಗಾದರೆ ಕಾಯಿದೆ ಏನು ಹೇಳುತ್ತದೆ? ನಾವು ವಕೀಲರಲ್ಲ, ಆದರೂ ಇಷ್ಟನ್ನು ಎಲ್ಲರೂ ತಿಳಿದಿರಬೇಕು. ಬುಡ ಯಾರ ನೆಲದಲ್ಲಿದೆಯೋ ಮರ ಅವರದು. ಕೊಂಬೆ ಗಡಿ ದಾಟಿ ಬಂದರೆ, ನೆರೆಯವನು ತನ್ನ ಜಾಗದಲ್ಲೇ ನಿಂತು ಗಡಿಯವರೆಗೆ ಅದನ್ನು ಕಡಿಯಬಹುದು. 1890ರ ದಶಕದಲ್ಲಿ ಇಂಗ್ಲೆಂಡಿನ ‘ಲೆಮನ್ ವಿರುದ್ಧ ವೆಬ್’ ಖಟ್ಲೆಯಲ್ಲಿ ಸ್ಥಿರವಾದ ಈ ನ್ಯಾಯವನ್ನು ನಮ್ಮ ನ್ಯಾಯಾಲಯಗಳೂ ಹಿಡಿದಿವೆ. ಕಡಿದ ಕೊಂಬೆಯೂ ಕಾಯಿಯೂ ಮಾತ್ರ ಮರದ ಒಡೆಯನದೇ. “20 ವರ್ಷದಿಂದ ಕೊಂಬೆ ಹೀಗೇ ಚಾಚಿದೆ, ನಮಗೆ ಹಕ್ಕು ಬಂತು” ಎಂದು ವಾದಿಸುವವರಿದ್ದಾರೆ. 1882ರ ಈಸ್ಮೆಂಟ್ ಕಾಯಿದೆಯಲ್ಲಿ ದಾರಿ, ನೀರು ಮುಂತಾದವಕ್ಕೆ 20 ವರ್ಷದ ನಿಯಮವಿರುವುದು ನಿಜ. ಬೆಳೆಯುತ್ತಲೇ ಇರುವ ಕೊಂಬೆಗೆ ಅದು ಹೊಂದುವುದಿಲ್ಲ.

ಆದರೆ ಬಂಧುಗಳೇ, ತೆಂಗಿಗೆ ಕೊಂಬೆ ಇದೆಯೇ? ಅದಕ್ಕಿರುವುದು ಒಂದೇ ತಲೆ. ತಲೆ ಕಡಿದರೆ ಮರವೇ ಸತ್ತಂತೆ. ಕೊಂಬೆಯ ಕಾಯಿದೆ ನಮ್ಮ ಕರಾವಳಿಯ ಮುಖ್ಯ ಮರಕ್ಕೇ ಸರಿಯಾಗಿ ಕೂರುವುದಿಲ್ಲ. ಸಿಟ್ಟಿನಲ್ಲಿ ಬೇಲಿ ಹಾರಿ ಕತ್ತಿ ಹಾಕಿದರೆ, ರಾತ್ರಿ ಬುಡಕ್ಕೆ ಸೀಮೆಎಣ್ಣೆ ಹೊಯ್ದರೆ ಅದು ಅಪರಾಧ. ಆಗ ನ್ಯಾಯ ನಮ್ಮ ಕಡೆ ಇದ್ದರೂ ಪೊಲೀಸರು ನಮ್ಮ ಮನೆ ಬಾಗಿಲಿಗೆ ಬರುತ್ತಾರೆ.

ಮರ ಬೀಳುವ ಸ್ಥಿತಿಯಲ್ಲಿದ್ದು ನೆರೆಯವರ ಜೀವಕ್ಕೆ ಅಪಾಯವಿದ್ದರೆ ಅದಕ್ಕೆ ಬೇರೆ ದಾರಿಯಿದೆ. ಮೊದಲು ಕ್ರಿಮಿನಲ್ ಪ್ರೊಸೀಜರ್ ಕೋಡಿನ 133ನೆಯ ಕಲಮು ಇತ್ತು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮು ಬಂದಿದೆ. ಉಪವಿಭಾಗದ ಮ್ಯಾಜಿಸ್ಟ್ರೇಟರಾದ ಅಸಿಸ್ಟೆಂಟ್ ಕಮಿಷನರರಿಗೆ ಅರ್ಜಿ ಕೊಟ್ಟರೆ, ಮರ ತೆಗೆಯಲು ಇಲ್ಲವೆ ಆಸರೆ ಕಟ್ಟಲು ಒಡೆಯನಿಗೆ ಅವರು ಆಜ್ಞೆ ಮಾಡಬಹುದು. ಇನ್ನು ಮರ ಕಡಿಯುವುದಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ಗಾಳಿ, ರಬ್ಬರು ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿಯುಂಟು. ಜೀವಕ್ಕೋ ಸೊತ್ತಿಗೋ ಅಪಾಯ ತರುವ ಮರಕ್ಕೆ ಅನುಮತಿ ಕೊಡಬೇಕೆಂದೂ ಅದೇ ಕಾಯಿದೆ ಹೇಳುತ್ತದೆ.

ಇಷ್ಟೆಲ್ಲ ಇದ್ದೂ ಕೋರ್ಟಿಗೆ ಓಡಬೇಡಿ ಎಂದು ನಾವು ಏಕೆ ಹೇಳುತ್ತೇವೆ? ಲೆಕ್ಕ ಹಾಕಿ. ಒಂದು ವಾಯಿದೆಗೆ ಹೋಗಲು ಒಂದು ದಿನ, ಕೋರ್ಟಿನ ಜಗುಲಿಯಲ್ಲಿ ಒಂದು ದಿನ, ಮರಳಲು ಒಂದು ದಿನ. ಮೂರು ದಿನದ ಪಗಾರ ಹೋಯಿತು. ಅಂದು ಎದುರಾಳಿಯ ವಕೀಲರು ಬಾರದಿದ್ದರೆ ಮುಂದಿನ ವಾಯಿದೆ. ನಾಲ್ಕನೆಯ ಸಲ ರಜೆ ಕೇಳುವಾಗ ಮಾಲಿಕ ನಮ್ಮ ಜಾಗಕ್ಕೆ ಬೇರೆ ಹುಡುಗನನ್ನು ನಿಲ್ಲಿಸಿರುತ್ತಾನೆ. ಪಗಾರವೆಲ್ಲ ಪಾಗಾರದ ಖಟ್ಲೆಗೆ ಸುರಿದವರನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಹಣಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ನಾವು ಇಲ್ಲಿ ಭಟ್ಟಿಯ ಮುಂದೆ ನಿಂತಿರುವಾಗ ಊರಲ್ಲಿ ಇರುವವರು ಯಾರು? ಮುದುಕಿ ತಾಯಿ, ಹೆಂಡತಿ, ಸಣ್ಣ ಮಕ್ಕಳು. ರಾತ್ರಿ ಜ್ವರ ಏರಿದರೆ ರಿಕ್ಷಾ ಕರೆದು ತರುವವನು ಆ ನೆರೆಯವನೇ. ಹಾವು ಕಂಡರೆ ಕೋಲು ಹಿಡಿದು ಬರುವವನೂ ಅವನೇ. ನಾವು ಎಷ್ಟು ಹಣ ಕಳುಹಿಸಿದರೂ ಆ ಗಳಿಗೆಗೆ ಅದು ಒದಗುವುದಿಲ್ಲ. ಮರಕ್ಕಾಗಿ ಆ ಮನೆಯ ಬಾಗಿಲು ಮುಚ್ಚಿದರೆ, ಮುಚ್ಚಿದ್ದು ನಮಗಲ್ಲ, ನಮ್ಮ ತಾಯಿಗೆ.

ಈಚೆಗೆ ನಮ್ಮ ಸಂಘದ ಮುಂದೆ ಒಂದು ತಕರಾರು ಬಂತು. ಬಾಗಿದ ತೆಂಗು ಒಬ್ಬರದು, ಅದರ ಕೆಳಗಿನ ಅಡುಗೆಮನೆ ಇನ್ನೊಬ್ಬರದು. ವಿಚಾರಿಸಿದರೆ ಎರಡೂ ಮನೆಯ ಮಕ್ಕಳು ಇದೇ ಶಹರದಲ್ಲಿ ಹೋಟೆಲು ಕೆಲಸದವರು! ಊರಲ್ಲಿ ಹೆಂಗಸರು ಆಡಿದ ಮಾತು ಫೋನಿನಲ್ಲಿ ಇಲ್ಲಿಗೆ ಬಂದು, ಇಲ್ಲಿಂದ ಇನ್ನಷ್ಟು ಖಾರ ಸೇರಿ ಹಿಂದೆ ಹೋಗುತ್ತಿತ್ತು. ಇಬ್ಬರನ್ನೂ ಒಂದು ಬೆಂಚಿನಲ್ಲಿ ಕೂರಿಸಿದೆವು. ಎರಡು ಸಂಜೆ ಬೇಕಾಯಿತು. ಕೊನೆಗೆ ಮರ ತೆಗೆಯಲು ಒಬ್ಬರು ಒಪ್ಪಿದರು. ಇಳಿಸುವ ಕೂಲಿಯಲ್ಲಿ ಅರ್ಧವನ್ನೂ ಎರಡು ತೆಂಗಿನ ಸಸಿಯನ್ನೂ ಕೊಡಲು ಇನ್ನೊಬ್ಬರು ಒಪ್ಪಿದರು. ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದರು.

ಆದ್ದರಿಂದ ಮೇ ತಿಂಗಳಲ್ಲಿ ಊರಿಗೆ ಹೋಗುವವರು ನಾಲ್ಕು ಕೆಲಸ ಮಾಡಿ ಬರಬೇಕೆಂದು ಕೇಳಿಕೊಳ್ಳುತ್ತೇವೆ.

ಮೊದಲನೆಯದು, ಗಡಿ ತಿಳಿಯದಿದ್ದರೆ ಸರ್ವೆ ಇಲಾಖೆಗೆ ಹದ್ದುಬಸ್ತಿನ ಅರ್ಜಿ ಕೊಡಿ. ಅಳೆಯುವ ದಿನ ನೆರೆಯವರನ್ನೂ ಕರೆದು ನಿಲ್ಲಿಸಿಕೊಳ್ಳಿ. ಕಲ್ಲು ಕಂಡರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಎರಡನೆಯದು, ಮಳೆಗೆ ಮೊದಲು ನೆರೆಯವರ ಜೊತೆಯಲ್ಲೇ ಮರಗಳನ್ನು ನೋಡಿ ಬನ್ನಿ. ಬಲಿತ ಕಾಯಿ, ಒಣಗಿದ ಮಡಲು ಇಳಿಸಿ. ಬಾಗಿದ ಮರವನ್ನು ಸರಿಗೆಯಿಂದ ಬಿಗಿಸಿ. ಅವರ ಮಾಡಿನ ಮೇಲಿನ ಮರ ನಮ್ಮದಾದರೆ ಹತ್ತುವವನ ಕೂಲಿಯೂ ನಮ್ಮದೇ.

ಮೂರನೆಯದು, ಹೊಸದಾಗಿ ನೆಡುವಾಗ ಗಡಿಯಿಂದ ಒಳಗೆ ಬನ್ನಿ. ತೆಂಗು ತೆಂಗಿನ ನಡುವೆಯೇ 25 ಅಡಿ ಬಿಡುತ್ತಾರೆ. ಮಡಲು 15 ಅಡಿಯಷ್ಟು ಚಾಚುತ್ತದೆ. ಆದ್ದರಿಂದ ಗಡಿಯಿಂದ 15 ಅಡಿಯಾದರೂ ಇರಲಿ. ಅಷ್ಟು ಜಾಗವಿಲ್ಲದವರು ಅಂಚಿಗೆ ಕರಿಬೇವು, ಬಾಳೆ, ದಾಸವಾಳ ಹಾಕಲಿ. ಅವೂ ಗಡಿ ತೋರಿಸುತ್ತವೆ, ಯಾರ ಹಂಚನ್ನೂ ಒಡೆಯುವುದಿಲ್ಲ.

ನಾಲ್ಕನೆಯದು, ಆದ ಮಾತನ್ನು ಬರೆದಿಡಿ. ಮಾತು ಕೂಡದಿದ್ದರೆ ತಾಲೂಕಿನ ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕೈಗಾರಿಕಾ ಕೆಲಸಗಾರರಿಗೆ ಅಲ್ಲಿ ಉಚಿತ ನೆರವುಂಟು. ನಾವು ಇಲ್ಲಿದ್ದರೂ ಮನೆಯ ಹೆಂಗಸರೇ ಅರ್ಜಿ ಕೊಡಬಹುದು. ಲೋಕ ಅದಾಲತಿನಲ್ಲಿ ಒಪ್ಪಿ ಆದ ತೀರ್ಮಾನಕ್ಕೆ ಅಪೀಲಿಲ್ಲ. ಅಲ್ಲಿಗೆ ಅದು ಮುಗಿಯಿತು.

ಯಾರಿಗಾದರೂ ಇಂತಹ ತಕರಾರಿದ್ದರೆ ಫೋನಿನಲ್ಲಿ ಕೂಗಾಡುವ ಮೊದಲು ಸಂಘಕ್ಕೆ ಬನ್ನಿ. ನೆರೆಯವರ ಮಗನೂ ಇದೇ ಶಹರದಲ್ಲಿ ಎಲ್ಲೋ ಗಲ್ಲಾದ ಹಿಂದೆ ಕುಳಿತಿರಬಹುದು. ಅವನನ್ನು ಹುಡುಕುವ ಕೆಲಸ ನಮಗಿರಲಿ.