ಊಹೆ, ತಿದ್ದುಪಡಿ, ಉತ್ತರ

ಕಾವೇರಿ ನೀರು ಬೆಂಗಳೂರಿಗೆ ಮೊದಲು ಬಂದದ್ದು 1974ರಲ್ಲಿ. ಸುಮಾರು 100 ಕಿ.ಮೀ. ದೂರ, ಸುಮಾರು 500 ಮೀಟರ್ ಏರು. ತೊರೆಕಾಡನಹಳ್ಳಿಯಲ್ಲಿ ಒಮ್ಮೆ, ಕನಕಪುರ ಸೀಮೆಯ ಹಾರೋಹಳ್ಳಿಯಲ್ಲಿ ಇನ್ನೊಮ್ಮೆ, ತಾತಗುಣಿಯಲ್ಲಿ ಮತ್ತೊಮ್ಮೆ ಪಂಪುಗಳು ನೀರನ್ನು ಮೇಲೆತ್ತುತ್ತವೆ.

ಇಂಥ ಪಂಪಿನ ಶಕ್ತಿ ಗೊತ್ತುಮಾಡಲು ಎತ್ತರ ತಿಳಿದರೆ ಸಾಲದು. ಕೊಳವೆಯ ಒಳಮೈಗೆ ಉಜ್ಜಿ ಹರಿಯುವ ನೀರು ಕಳೆದುಕೊಳ್ಳುವ ಒತ್ತಡವೂ ತಿಳಿಯಬೇಕು. ಅದಕ್ಕೆ 1939ರಲ್ಲಿ ಕೋಲ್‌ಬ್ರೂಕ್ ಕೊಟ್ಟ ಸಮೀಕರಣವಿದೆ. ಅದರಲ್ಲಿ ಘರ್ಷಣೆಯ ಅಂಕ ಸಮ ಚಿಹ್ನೆಯ ಎರಡೂ ಕಡೆ ಇದೆ. ಒಂದು ಕಡೆ ಲಾಗರಿದಮ್‌ನೊಳಗೆ ಸಿಕ್ಕಿಕೊಂಡಿದೆ. ಶಾಲೆಯ ಬೀಜಗಣಿತದಿಂದ ಅದನ್ನು ಹೊರಗೆಳೆಯಲಾಗದು.

ಹಾಗಾದರೆ ಒಂದು ಅಂಕ ಊಹಿಸಿಕೊಳ್ಳಬೇಕು. ಕೊಳವೆಯ ಒರಟುತನ ವ್ಯಾಸದ ಹತ್ತು ಸಾವಿರದಲ್ಲೊಂದು ಪಾಲು, ಹರಿವಿನ ಸ್ವಭಾವ ಹೇಳುವ ರೆನಾಲ್ಡ್ಸ್ ಸಂಖ್ಯೆ ಹತ್ತು ಲಕ್ಷ ಎಂದಿಟ್ಟುಕೊಳ್ಳೋಣ. ಮೊದಲ ಊಹೆ 0.02. ಬಲಗಡೆ ಹಾಕಿದರೆ ಎಡಗಡೆ 0.0132 ಬರುತ್ತದೆ. ಅದನ್ನೇ ಮತ್ತೆ ಹಾಕಿದರೆ 0.01345, ಮತ್ತೊಮ್ಮೆ ಹಾಕಿದರೆ 0.01344. ಅಲ್ಲಿಗೆ ಅಂಕ ನೆಲೆ ನಿಂತಿತು.

ಈ ದಾರಿ ಬಹಳ ಹಳೆಯದು. ಕ್ರಿ.ಶ. ಒಂದನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಹೆರಾನ್ 720ರ ವರ್ಗಮೂಲಕ್ಕೆ 27 ಎಂದು ಊಹಿಸಿದ. 720ನ್ನು 27ರಿಂದ ಭಾಗಿಸಿ, ಬಂದದ್ದಕ್ಕೂ 27ಕ್ಕೂ ಸರಾಸರಿ ತೆಗೆದ. ಸಿಕ್ಕ ಅಂಕದ ವರ್ಗ 720ಕ್ಕಿಂತ ಒಂದರ ಮೂವತ್ತಾರನೇ ಪಾಲಷ್ಟೇ ಹೆಚ್ಚು! ನಮ್ಮ ಜ್ಯೋತಿರ್ಗಣಿತದಲ್ಲೂ ಮತ್ತೆ ಮತ್ತೆ ಮಾಡುವ ಲೆಕ್ಕಕ್ಕೆ ಅಸಕೃತ್ಕರ್ಮ ಎಂಬ ಹೆಸರಿತ್ತು. 15ನೇ ಶತಮಾನದಲ್ಲಿ ಕೇರಳದ ಪರಮೇಶ್ವರ, ಎರಡು ಊಹೆಗಳು ಕೊಟ್ಟ ಫಲಗಳ ಅಂತರ ನೋಡಿ ಮೂರನೆಯದನ್ನು ಆರಿಸುವ ಕ್ರಮ ಬಳಸಿದ.

ಎಷ್ಟು ತಿದ್ದಬೇಕು ಎಂಬ ಪ್ರಶ್ನೆಗೆ ಹರಿತವಾದ ಉತ್ತರ ನ್ಯೂಟನ್‌ನಿಂದ ಬಂತು. ಒಂದು ಸಂಖ್ಯೆಯ ಘನದಿಂದ ಅದರ ಎರಡರಷ್ಟನ್ನೂ 5ನ್ನೂ ಕಳೆದರೆ ಸೊನ್ನೆ ಬರಬೇಕು; ಇದು ಅವನ ಉದಾಹರಣೆ. 2 ಹಾಕಿದರೆ ಒಂದು ಕಡಿಮೆ ಬೀಳುತ್ತದೆ. ಅಲ್ಲಿ ಆ ಸಮೀಕರಣದ ವಕ್ರರೇಖೆಯ ಇಳಿಜಾರು 10. ಒಂದನ್ನು ಹತ್ತರಿಂದ ಭಾಗಿಸಿ ಸೇರಿಸಿದರೆ 2.1, ಇನ್ನೊಂದು ಸುತ್ತಿಗೆ 2.0946. 1690ರಲ್ಲಿ ರಾಫ್ಸನ್ ಇದನ್ನು ಸರಳಗೊಳಿಸಿದ. 1740ರಲ್ಲಿ ಸಿಂಪ್ಸನ್ ಕಲನಶಾಸ್ತ್ರದ ರೂಪ ಕೊಟ್ಟು, ಒಂದಕ್ಕಿಂತ ಹೆಚ್ಚು ಅಜ್ಞಾತಗಳಿಗೂ ಹಬ್ಬಿಸಿದ. ಇಳಿಜಾರು ಸೊನ್ನೆಗೆ ಹತ್ತಿರವಾದರೆ ಮಾತ್ರ ಉತ್ತರ ಎತ್ತಲೋ ಹಾರಿಬಿಡುತ್ತದೆ. ಆದ್ದರಿಂದ ಮೊದಲ ಊಹೆಯನ್ನು ಎಚ್ಚರದಿಂದ ಆರಿಸಬೇಕು.

ಊರೊಳಗೆ ಬಂದ ಕೊಳವೆ ಕವಲೊಡೆದು, ಬೀದಿ ಬಳಸಿ ಮತ್ತೆ ಕೂಡಿಕೊಂಡರೆ ಲೆಕ್ಕ ಇನ್ನೂ ಕಠಿಣ. ಯಾವ ಕವಲಿನಲ್ಲಿ ಎಷ್ಟು ನೀರು? 1936ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಹಾರ್ಡಿ ಕ್ರಾಸ್ ಕೈಯಿಂದಲೇ ಮಾಡಬಹುದಾದ ಕ್ರಮ ಕೊಟ್ಟರು. ಪ್ರತಿ ಕೂಡುಗಂಟಿನಲ್ಲಿ ಒಳಬಂದಷ್ಟೇ ಹೊರಹೋಗುವಂತೆ ಹರಿವು ಊಹಿಸುವುದು, ಆಮೇಲೆ ಕೊಳವೆಗಳ ಒಂದೊಂದೇ ಕುಣಿಕೆಯನ್ನು ತಿದ್ದುತ್ತಾ ಹೋಗುವುದು. ಕಂಪ್ಯೂಟರಿಗೆ ಮುಂಚಿನ ಎಂಜಿನಿಯರಿಗೆ ಅದು ದೊಡ್ಡ ವರ.

ಇಂಥ ಕೊಳವೆ ಜಾಲಗಳ ಲೆಕ್ಕಕ್ಕೆ 1993ರಲ್ಲಿ ಹೊರಬಂದ ಇಪಾನೆಟ್ ತಂತ್ರಾಂಶ ಹಿಡಿದದ್ದು ಮತ್ತೆ ನ್ಯೂಟನ್ನನ ದಾರಿ. ಜಾಲದ ಎಲ್ಲ ಕೊಳವೆಗಳನ್ನೂ ಅದು ಒಟ್ಟಿಗೆ ತಿದ್ದುತ್ತದೆ. ಬೇರೆ ಸೂಚನೆ ಕೊಡದಿದ್ದರೆ, ಒಂದು ಸುತ್ತಿನ ಲೆಕ್ಕದಲ್ಲಿ ಹರಿವುಗಳಲ್ಲಾದ ಬದಲಾವಣೆ ಒಟ್ಟು ಹರಿವಿನ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆಯಾದಾಗ ಲೆಕ್ಕ ನಿಲ್ಲಿಸುತ್ತದೆ.