ರೋಗಿಯ ಮಾತು ಕೇಳಬೇಕಾದವರು ಯಾರು?

(ವೈದ್ಯಕೀಯ ವಿದ್ಯಾರ್ಥಿಗಳು ಹಾಗೂ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮುದಾಯದ ಮಕ್ಕಳು ವೈದ್ಯರಾಗಬೇಕೆಂದು ನಾವು ವರ್ಷಗಟ್ಟಲೆ ವೇದಿಕೆಗಳಿಂದ ಕರೆ ಕೊಟ್ಟೆವು. ತಾಯಂದಿರು ಬಳೆ ಮಾರಿ ಮಕ್ಕಳನ್ನು ಕಾಲೇಜಿಗೆ ಸೇರಿಸಿದರು. ಅಲ್ಲಿ ಅವರು ಹೇಗೆ ಕಲಿಯುತ್ತಿದ್ದಾರೆಂದು ವಿಚಾರಿಸಲು ಮಾತ್ರ ನಾವು ಮರೆತೆವು.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂತು. ಅಮೆರಿಕದ ವೈದ್ಯಕೀಯ ಪರವಾನಿಗೆ ಪರೀಕ್ಷೆಯಲ್ಲಿ ಅದು ತೇರ್ಗಡೆಯ ಅಂಚಿಗೆ ತಲುಪಿತೆಂಬ ಅಧ್ಯಯನ 2023ರಲ್ಲೇ ಪ್ರಕಟವಾಯಿತು. ಕನ್ನಡ ಮಾಧ್ಯಮದಿಂದ ಬಂದ ಹುಡುಗಿ ಅರ್ಥವಾಗದ ಪಾಠವನ್ನು ಸಂಕೋಚವಿಲ್ಲದೆ ಹತ್ತು ಬಾರಿ ಅದರಲ್ಲಿ ಕೇಳಬಹುದು. ಇದನ್ನು ಹರಾಮ್ ಎನ್ನಲು ನಾವಿಲ್ಲಿ ನಿಂತಿಲ್ಲ. ಧ್ವನಿವರ್ಧಕವನ್ನೂ ಒಮ್ಮೆ ಹಾಗೆಂದು ತಿರಸ್ಕರಿಸಿದವರು ನಮ್ಮಲ್ಲೇ ಇದ್ದರು.

ನಮ್ಮ ಆತಂಕ ಬೇರೆ. 2025ರಲ್ಲಿ ಪೋಲೆಂಡ್‌ನ ಅಧ್ಯಯನವೊಂದು ಪ್ರಕಟವಾಯಿತು. ದೊಡ್ಡಕರುಳಿನ ಪರೀಕ್ಷೆಯಲ್ಲಿ, ಮುಂದೆ ಕ್ಯಾನ್ಸರ್ ಆಗಬಲ್ಲ ಗಂಟುಗಳನ್ನು ಯಂತ್ರದ ನೆರವಿನಿಂದ ಗುರುತಿಸಲು ಅನುಭವಿ ವೈದ್ಯರು ಆರಂಭಿಸಿದ್ದರು. ಆ ಬಳಿಕ ನೆರವಿಲ್ಲದೆ ಅವರು ನಡೆಸಿದ ಪರೀಕ್ಷೆಗಳಲ್ಲಿ ಗಂಟು ಪತ್ತೆಯಾದ ಪ್ರಮಾಣ ಶೇ. 28.4ರಿಂದ 22.4ಕ್ಕೆ ಇಳಿದಿತ್ತು. ಕಾರಣ ಯಂತ್ರವೊಂದೇ ಎಂದು ಅಷ್ಟರಿಂದ ಸಾಬೀತಾಗದು, ನಿಜ. ಆದರೆ ಅವರು ಸಾವಿರಾರು ಪರೀಕ್ಷೆ ನಡೆಸಿ ಪಳಗಿದವರು. ಕಣ್ಣು ಇನ್ನೂ ಪಳಗದ ವಿದ್ಯಾರ್ಥಿಯ ಗತಿಯೇನು?

ಮಧುಮೇಹವಿರುವ ಒಬ್ಬ ವೃದ್ಧೆ ವಾರ್ಡಿನಲ್ಲಿ ಬ್ಯಾರಿ ಭಾಷೆಯಲ್ಲಿ 'ಎದೆ ಉರಿ' ಎನ್ನುತ್ತಾಳೆಂದುಕೊಳ್ಳಿ. ವಿದ್ಯಾರ್ಥಿ ಅಷ್ಟನ್ನೇ ಮೊಬೈಲಿಗೆ ತುಂಬಿದರೆ ಆಮ್ಲೀಯತೆ ಎಂಬ ಉತ್ತರ ಬಂದೀತು. ಮಧುಮೇಹಿಗಳಲ್ಲಿ ಹೃದಯಾಘಾತವು ತೀವ್ರ ನೋವಿಲ್ಲದೆಯೂ ಬರಬಲ್ಲದು. ಬೆವರಿದ್ದೀರಾ, ದವಡೆ ನೋಯುತ್ತದೆಯೇ, ಮೆಟ್ಟಿಲೇರಿದರೆ ಹೆಚ್ಚುತ್ತದೆಯೇ ಎಂದು ಕೇಳಲು ಆಕೆಯ ಮಂಚದ ಬಳಿ ಕೂರಬೇಕು. ಆ ಕೂರುವಿಕೆಯೇ ಈಗ ತಪ್ಪುತ್ತಿದೆ. ರೋಗಿಯ ಮುಖ ನೋಡದೆಯೂ ಕೇಸ್ ಶೀಟ್ ಸಿದ್ಧಪಡಿಸಬಹುದಾಗಿದೆ!

ಅರ್ರಾಝಿಯವರ ಹೆಸರು ಹೇಳಿ ನಾವು ಬೀಗುತ್ತೇವೆ. ಅವರ ಬಳಿ ಗ್ಯಾಲನ್‌ನ ಗ್ರಂಥಗಳಿದ್ದವು. ರೋಗಿಗಳಲ್ಲಿ ಕಂಡದ್ದು ಅವಕ್ಕೆ ಹೊಂದದಿದ್ದಾಗ ಆ ಸಂದೇಹಗಳನ್ನೇ ಒಂದು ಗ್ರಂಥವಾಗಿ ಬರೆದರು. ವೈದ್ಯವನ್ನು ಅರಿಯದೆ ಚಿಕಿತ್ಸೆ ನೀಡಿದವನೇ ಹಾನಿಗೆ ಹೊಣೆ ಎಂಬರ್ಥದ ಪ್ರವಾದಿ(ಸ) ವಚನ ಅಬೂದಾವೂದ್‌ನಲ್ಲಿದೆ. ಆ ಹೊಣೆಯನ್ನು ಯಂತ್ರ ಹೊರುವುದಿಲ್ಲ.

ಆದ್ದರಿಂದ ವಿದ್ಯಾರ್ಥಿಗಳೇ, ಮೊದಲು ನಿಮ್ಮ ನಿರ್ಣಯವನ್ನು ಕೈಯಾರೆ ಬರೆಯಿರಿ, ಬಳಿಕ ಯಂತ್ರವನ್ನು ಕೇಳಿ. ಎರಡೂ ಬೇರೆಯಾದರೆ ಮರಳಿ ರೋಗಿಯ ಬಳಿಗೆ, ಗುರುಗಳ ಬಳಿಗೆ ಹೋಗಿ. ರೋಗಿಯ ಹೆಸರು, ಗುಟ್ಟು ಅಮಾನತ್ತು. ಅದನ್ನು ಯಂತ್ರಕ್ಕೆ ಒಪ್ಪಿಸಬೇಡಿ. ಹೆತ್ತವರು ಫೋನಿನಲ್ಲಿ ಅಂಕ ಕೇಳುವುದಕ್ಕೆ ಮೊದಲು, ಈ ವಾರ ಎಷ್ಟು ರೋಗಿಗಳೊಡನೆ ಮಾತನಾಡಿದೆ ಎಂದು ಕೇಳಲಿ.