ಪುರಸಭೆಯ ಆಸ್ತಿ ವಹಿ

ರಸ್ತೆ, ಚರಂಡಿ, ಕೊಳವೆಬಾವಿ, ನೀರಿನ ಟ್ಯಾಂಕು, ಬೀದಿದೀಪ, ಮಳಿಗೆ, ಸ್ಮಶಾನದ ಕಾಂಪೌಂಡು: ಬೀದರ್ ಜಿಲ್ಲೆಯ ಚಿಟಗುಪ್ಪದಂಥ ಊರಿನಲ್ಲಿ ಪುರಸಭೆಯ ಆಸ್ತಿ ಎಂದರೆ ಇವೇ. ಇವನ್ನು ಎಣಿಸಿ, ಅಳೆದು, ಬೆಲೆ ಕಟ್ಟಿ, ಯಾವುದು ಯಾವ ಸ್ಥಿತಿಯಲ್ಲಿದೆ, ದುರಸ್ತಿ ಯಾವಾಗ ಬೇಕಾದೀತು ಎಂದು ಬರೆದಿಡುವುದೇ ಆಸ್ತಿ ನಿರ್ವಹಣೆ. ತೆರಿಗೆಗೆ ಸಂಬಂಧಿಸಿದ ಇ-ಆಸ್ತಿ ತಂತ್ರಾಂಶ ಬೇರೆ. ಅದರಲ್ಲಿರುವುದು ಜನರ ಮನೆ, ನಿವೇಶನಗಳ ವಿವರ.

ಕಟ್ಟುವಾಗಲೇ ಕಾಪಾಡುವ ಖರ್ಚಿಗೂ ದಾರಿ ಮಾಡಿಡುವುದು ಈ ನೆಲಕ್ಕೆ ಹೊಸದಲ್ಲ. ಕೆರೆಯ ದುರಸ್ತಿಗೆಂದೇ ಬಿಟ್ಟ ಬಿತ್ತುವಟ್ಟವೆಂಬ ದತ್ತಿಯ ಉಲ್ಲೇಖ ಕನ್ನಡ ಶಾಸನಗಳಲ್ಲಿ ಹೇರಳವಾಗಿದೆ. ಲೆಕ್ಕದಿಂದ ಜಾರಿದ್ದರ ಗತಿಗೆ ಬೀದರ್ ಬಳಿಯ ನೌಬಾದಿನ ಸುರಂಗಬಾವಿ ಸಾಕ್ಷಿ. ಬಹಮನಿ ಕಾಲದ ಆ ಜಲಸುರಂಗ ಹೂಳು ತುಂಬಿ ಮರೆತೇಹೋಗಿತ್ತು. ಸುತ್ತ ಬಡಾವಣೆ ಬೆಳೆದ ಮೇಲೆ ಅದರ ಗಾಳಿಬಾವಿಗಳನ್ನು ಹುಡುಕಿ ತೆಗೆಯಬೇಕಾಯಿತು.

ನಗರ, ಪಟ್ಟಣಗಳ ಸ್ಥಳೀಯ ಸಂಸ್ಥೆಗಳಿಗೆ ಕರ್ನಾಟಕ ಪುರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳು ಬಂದದ್ದು 2006ರಲ್ಲಿ. ಅಲ್ಲಿಯವರೆಗೆ ಬಂದ ಹಣ, ಹೋದ ಹಣ ಬರೆದರೆ ಸಾಕಿತ್ತು. ಆ ನಿಯಮಗಳ ಜೋಡಿ ನಮೂದಿನ ಪದ್ಧತಿಯಲ್ಲಿ ರಸ್ತೆಯೂ ಆಸ್ತಿಯಾಗಿ ಲೆಕ್ಕಕ್ಕೆ ಸೇರುತ್ತದೆ. ವರ್ಷವರ್ಷವೂ ಸವಕಳಿ ಕಳೆಯುತ್ತಾರೆ. ತೊಡಕು ಇರುವುದೂ ಇಲ್ಲೇ. ಸವಕಳಿ ಕೋಷ್ಟಕದ ಪ್ರಕಾರ ನಡೆಯುತ್ತದೆಯೇ ಹೊರತು ಗುಂಡಿ ನೋಡಿ ಅಲ್ಲ. ವಹಿಯಲ್ಲಿ ಬೆಲೆ ತೀರಿದ ಟ್ಯಾಂಕು ಇನ್ನೂ ನೀರು ಕೊಡುತ್ತಿರಬಹುದು, ಹೊಸ ಕೊಳವೆಬಾವಿಯ ಮೋಟರು ಸುಟ್ಟು ಬಿದ್ದಿರಬಹುದು.

ಕಾಮಗಾರಿಯ ಅಳತೆ ಪುಸ್ತಕದಲ್ಲಿ ಪೈಪಿನ ಉದ್ದ, ವ್ಯಾಸ ಸಿಗುತ್ತವೆ. ಅದು ಯಾವ ಗಲ್ಲಿಯ ಯಾವ ಮಗ್ಗುಲಲ್ಲಿ ಹೋಗಿದೆ, ಮಣ್ಣಿನಡಿ ಮುಚ್ಚಿಹೋದ ವಾಲ್ವು ಎಲ್ಲಿದೆ ಎಂಬುದು ಬಹಳಷ್ಟು ಕಡೆ ಹಳೆಯ ವಾಲ್ವ್‌ಮನ್‌ಗೆ ಮಾತ್ರ ಗೊತ್ತು. ಆತ ನಿವೃತ್ತನಾದ ಮೇಲೆ ಚರಂಡಿಗೆಂದು ಜೆಸಿಬಿ ಅಗೆದಾಗಲೇ ಪೈಪು ಪತ್ತೆ, ಅದೂ ಒಡೆದು. ಆತನನ್ನು ಜೊತೆಗೆ ಕರೆದುಕೊಂಡು ಬೀದಿ ಸುತ್ತಿ, ಒಂದೊಂದು ವಾಲ್ವನ್ನೂ ಮೊಬೈಲಿನ ಜಿಪಿಎಸ್‌ನಲ್ಲಿ ಗುರುತಿಸುವುದು ಬೆಲೆಬಾಳುವ ತಂತ್ರಾಂಶಕ್ಕಿಂತ ಮೊದಲು ಆಗಬೇಕಾದ ಕೆಲಸ.

ಹಳ್ಳಿಗಳಲ್ಲಿ ಉದ್ಯೋಗ ಖಾತರಿ ಕಾಮಗಾರಿಗಳನ್ನು ಇಸ್ರೋದ ಭುವನ್ ನಕ್ಷೆಯಲ್ಲಿ ಫೋಟೊ ಸಮೇತ ಗುರುತಿಸುವುದು 2016ರಲ್ಲಿ ಶುರುವಾಯಿತು. ಕೆಲಸ ಆದದ್ದಕ್ಕೆ ಅದು ಪುರಾವೆ. ಐದು ವರ್ಷದ ನಂತರದ ಸ್ಥಿತಿ ಅದರಿಂದ ತಿಳಿಯದು. ಮುಂದಿನ ಖರ್ಚನ್ನೂ ಮೊದಲೇ ಲೆಕ್ಕಹಾಕುವ ಕ್ರಮ ಹೊರದೇಶಗಳಲ್ಲಿದೆ: ನ್ಯೂಜಿಲೆಂಡ್ 1996ರಲ್ಲೇ ಸ್ಥಳೀಯ ಸಂಸ್ಥೆಗಳು ದೀರ್ಘಾವಧಿಯ ಹಣಕಾಸು ಯೋಜನೆ ಮಾಡಲೇಬೇಕೆಂದು ಕಾನೂನು ತಂದಿತು. ಆಸ್ತಿ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 55000 ಬಂದದ್ದು 2014ರಲ್ಲಿ.

15ನೆಯ ಹಣಕಾಸು ಆಯೋಗ ಅನುದಾನಕ್ಕೆ ಲೆಕ್ಕಪತ್ರ ಪ್ರಕಟಣೆಯ ಷರತ್ತು ಹಾಕಿದ್ದರಿಂದ ವಹಿ ಬರೆಯುವುದು ತಪ್ಪಿಸಲಾಗದ ಕೆಲಸವಾಯಿತು. ಆದರೂ ಹೊಸ ಕಾಮಗಾರಿಗೆ ಅನುದಾನ ತರುವಷ್ಟು ಸುಲಭವಾಗಿ ಹಳೆಯದರ ದುರಸ್ತಿಗೆ ಹಣ ಹೊಂದಿಸಲಾಗದು. ಅದಕ್ಕೆ ಮನೆಕಂದಾಯ, ನೀರಿನ ಕರ, ಮಳಿಗೆ ಬಾಡಿಗೆಯನ್ನೇ ನೆಚ್ಚಬೇಕು. ಸ್ಥಿತಿ ನಮೂದಾದ ವಹಿ ಕೈಯಲ್ಲಿದ್ದರೆ ಬಜೆಟ್ ಸಭೆಯಲ್ಲಿ ಯಾವ ವಾರ್ಡಿನ ಯಾವ ಪೈಪು ಮೊದಲು ಎಂದು ಅಂಕಿ ಇಟ್ಟುಕೊಂಡು ಕೇಳಬಹುದು.